ಕಷ್ಟಗಳೆಲ್ಲ ಒಟ್ಟಿಗೆ ಬಂದಾಗ ಯಾವುದರಿಂದ ಶುರು ಮಾಡೋದು?

"ಸಾಲ, ಮನೆ, ಕೆಲಸ ಎಲ್ಲ ಒಟ್ಟಿಗೆ ತಲೆ ಮೇಲೆ ಬಿದ್ದಿದೆ. ಚಿಕ್ಕದಾಗಿ ಶುರು ಮಾಡು ಅಂತಾರೆ, ಆದರೆ ಯಾವುದರಿಂದ?" ಅಂತ ಕೇಳಿದ್ದೀರಿ. ಆ 'ಯಾವುದರಿಂದ' ಅನ್ನೋದೇ ಕಷ್ಟ, ಅಲ್ವಾ?

ನಮ್ಮದು ಮಂಡ್ಯದ ಹತ್ತಿರ ಒಂದು ಹಳ್ಳಿ. ಅಪ್ಪ ತೀರಿಕೊಂಡಾಗ ಕಬ್ಬು ಸೂಲಂಗಿ (ಹೂವು) ಬಂದು ನಿಂತಿತ್ತು. ಸೊಸೈಟಿ ಸಾಲ ಇತ್ತು, ಅಮ್ಮನ ಒಡವೆ ಬ್ಯಾಂಕಿನಲ್ಲಿತ್ತು. ಕೈಸಾಲ ಎಷ್ಟು ಅಂತ ಅಪ್ಪನಿಗೆ ಮಾತ್ರ ಗೊತ್ತು. ತಿಥಿ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಜಗಲಿ ಮೇಲೆ ಕೂತು, ಕಾಫಿ ಕುಡಿದು, "ನಿಧಾನಕ್ಕೆ ಕೊಡಪ್ಪ" ಅನ್ನೋರು. ಆ 'ನಿಧಾನಕ್ಕೆ' ಅನ್ನೋ ಮಾತೇ ನನ್ನನ್ನು ಜಾಸ್ತಿ ಹೆದರಿಸಿತು.

ನಾನು ಮೊದಲು ಮಾಡಿದ್ದೇನು ಗೊತ್ತಾ? ಪಂಪ್‌ಸೆಟ್ ಮನೆಗೆ ಸುಣ್ಣ ಬಳಿದೆ. ಎರಡು ದಿನ! ಚಿಕ್ಕ ಕೆಲಸವೇ, ಏನೋ ಮಾಡಿದ ಸಮಾಧಾನವೂ ಆಯಿತು. ಆದರೆ ಕಷ್ಟ ಇದ್ದಲ್ಲೇ ಇತ್ತು.

ದಾರಿ ತೋರಿಸಿದ್ದು ನಾಡಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಹುಡುಗ. ಪಹಣಿ, ಪಾಸ್‌ಬುಕ್ಕು, ಚೀಟಿ ಎಲ್ಲ ಅವನ ಮುಂದೆ ಸುರಿದೆ. "ಇವೆಲ್ಲ ಆಮೇಲೆ ಅಣ್ಣ. ಮರಣ ಪ್ರಮಾಣಪತ್ರ ಎಲ್ಲಿ?" ಅಂದ. ಅದಿಲ್ಲದೆ ವಂಶವೃಕ್ಷ ಇಲ್ಲ, ವಂಶವೃಕ್ಷ ಇಲ್ಲದೆ ಪೌತಿ ಖಾತೆ ಇಲ್ಲ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗೋದಿಲ್ಲ. ಬ್ಯಾಂಕಿನವರು ಕೇಳೋದೂ ಮೊದಲು ಅದನ್ನೇ. ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು, ನನಗೆ ಉಳಿದಿದ್ದು ನಾಲ್ಕು ದಿನ. ಅವತ್ತು ಅದೊಂದಕ್ಕೆ ಓಡಾಡಿ, ಮನೆಗೆ ಬಂದು ಮಲಗಿದೆ.

ಹಾಗಾಗಿ ಬರೀ ಚಿಕ್ಕ ಹೆಜ್ಜೆ ಸಾಲದು ಅಂತೀನಿ. ನಿಮ್ಮ ರಾಶಿಯಲ್ಲೂ ಎಲ್ಲರೂ ಕೇಳೋ ಒಂದು ಕಾಗದ, ಎಲ್ಲ ಕೆಲಸಕ್ಕೂ ಅಡ್ಡ ನಿಂತ ಒಂದು ಫೋನ್ ಕರೆ ಇರುತ್ತೆ. ಅದನ್ನು ಹುಡುಕಿ. ಗೊತ್ತಾಗದಿದ್ದರೆ ಆ ಕೆಲಸ ದಿನಾ ನೋಡೋರನ್ನು ಕೇಳಿ. ನೆಂಟರನ್ನು ಮಾತ್ರ ಬೇಡ.

ನನ್ನದೇನೂ ಪೂರ್ತಿ ಮುಗಿದಿಲ್ಲ. ಒಂದು ಸರ್ವೆ ನಂಬರ್ ಇನ್ನೂ ತಾತನ ಹೆಸರಲ್ಲಿದೆ. ಅವರ ಮರಣ ನೋಂದಣಿಯೇ ಆಗಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಅಲೆಯುತ್ತಿದ್ದೇನೆ. ಕಬ್ಬು ಆಲೆಮನೆಗೆ ಹೋಯಿತು, ರೇಟು ಸಿಗಲಿಲ್ಲ.

ಕೈಸಾಲದ್ದು ಹೇಳಲೇಬೇಕು. ಅಪ್ಪ ಅದನ್ನೆಲ್ಲ ಒಂಟಿಕೊಪ್ಪಲ್ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ದಿನಕ್ಕೊಂದು ಪುಟದಂತೆ ನೋಟ್‌ಬುಕ್ಕಿಗೆ ಇಳಿಸಿದೆ. ಒಂಬತ್ತು ಹೆಸರು. ಮೂರಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಸಂದಾಯ' ಅಂತ ಬರೆದಿದ್ದರು. ಅದರಲ್ಲಿ ಒಬ್ಬರು, ಜಗಲಿ ಮೇಲೆ ಕೂತು ಕಾಫಿ ಕುಡಿದು ಹೋದವರು!

ಮುಂದಿನ ಸಲ ಅವರು ಬಂದಾಗ ಕಾಫಿ ಲೋಟದ ಪಕ್ಕ ಆ ಪಂಚಾಂಗ ಇಟ್ಟೆ. ಅವರು ಕಾಫಿ ಕುಡಿದರು, "ನಾಲೆಗೆ ನೀರು ಯಾವಾಗ ಬಿಡ್ತಾರಂತೆ?" ಅಂತ ಕೇಳಿ ಎದ್ದು ಹೋದರು.