ಐದು ಥರದ ಪಿಚ್ (ಎಸೆತ) ಇದ್ದರೂ ಹೊಡೆಸಿಕೊಳ್ಳುವುದು ಯಾಕೆ?

ಪ್ರಶ್ನೆ: ನಾನು ಬೇಸ್‌ಬಾಲ್ ವಿಡಿಯೋ ಗೇಮ್ ಆಡುತ್ತೇನೆ. ನನ್ನ ಬಲಗೈ ಪಿಚರ್ (ಚೆಂಡು ಎಸೆಯುವವನು) ಹತ್ತಿರ ಫಾಸ್ಟ್‌ಬಾಲ್, ಸಿಂಕರ್, ಕಟರ್, ಕರ್ವ್‌ಬಾಲ್, ಚೇಂಜಪ್ ಅಂತ ಐದು ಥರದ ಎಸೆತ ಇವೆ, ಒಂದಾದ ಮೇಲೊಂದು ಬದಲಾಯಿಸಿ ಹಾಕುತ್ತೇನೆ. ಆದರೂ ಆನ್‌ಲೈನ್‌ನಲ್ಲಿ ಮೂರನೇ ಇನಿಂಗ್ಸ್ ಮುಗಿಯುವಷ್ಟರಲ್ಲಿ ಹೋಮ್ ರನ್ ಸುರಿಮಳೆ. ಯಾವ ಕಾಂಬಿನೇಶನ್ ಒಳ್ಳೆಯದು?

ಉತ್ತರ: ಐದು ಇವೆ ಅಂತ ಐದನ್ನೂ ಸರದಿ ಪ್ರಕಾರ ಹಾಕಿದರೆ ಎದುರಾಳಿಗೆ ಸರದಿಯೇ ಬಾಯಿಪಾಠ ಆಗಿಬಿಡುತ್ತದೆ. ಮೊದಲು ಜೋಡಿ ಹುಡುಕಿ. ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು, ಗಂಟೆಗೆ 95 ಮೈಲಿ ವೇಗದ ಚೆಂಡು ಅಲ್ಲಿಗೆ ಬರಲು ಸುಮಾರು 0.4 ಸೆಕೆಂಡ್ ಸಾಕು, ಅಷ್ಟರೊಳಗೆ ಎದುರಿನವರು ಚೆಂಡು ಗುರುತಿಸಿ, ಬ್ಯಾಟ್ ಗುರಿಯಿಡುವ ಕರ್ಸರ್ ಸರಿಸಿ, ಬಟನ್ ಒತ್ತಬೇಕು. ಅರ್ಧ ದಾರಿವರೆಗೂ ಒಂದೇ ಥರ ಕಂಡು ಕೊನೆಯಲ್ಲಿ ಬೇರೆಯಾಗುವ ಎರಡು ಪಿಚ್ ಇದ್ದರೆ ಅವರ ಕಥೆ ಮುಗೀತು. ಇದಕ್ಕೇ ಟನೆಲಿಂಗ್ ಅನ್ನೋದು.

ನಿಮ್ಮ ಸಿಂಕರ್ ಮತ್ತು ಕಟರ್ ಅಂಥ ಜೋಡಿ. ಬಲಗೈ ಬ್ಯಾಟರ್ ನಿಂತಿದ್ದಾನೆ ಅಂದುಕೊಳ್ಳಿ. ಎರಡೂ ಪ್ಲೇಟಿನ ನಡುವಿಗೇ ಬರುವ ಹಾಗೆ ಹೊರಡುತ್ತವೆ, ಆಮೇಲೆ ಸಿಂಕರ್ ಅವನ ಕೈ ಕಡೆಗೆ ಒಳಬಂದು ಇಳಿಯುತ್ತದೆ, ಕಟರ್ ಅವನಿಂದ ಆಚೆ ಜಾರುತ್ತದೆ. ಎರಡು ಸಲ ಸಿಂಕರ್ ನೋಡಿದವನು ಕರ್ಸರನ್ನು ಒಳಗೇ ಇಟ್ಟುಕೊಂಡು ಕಾಯುತ್ತಾನೆ, ಆಗ ಕಟರ್ ಬಂದರೆ ಬ್ಯಾಟಿನ ತುದಿಗೆ ತಗುಲಿ ಸುಮ್ನೆ ನೆಲದಲ್ಲಿ ಉರುಳುತ್ತದೆ.

ಇನ್ನೊಂದು ಜೋಡಿ ಫಾಸ್ಟ್‌ಬಾಲ್, ಚೇಂಜಪ್. ಕೈ ಬೀಸುವುದು ಅದೇ ವೇಗ, ಚೆಂಡು ಮಾತ್ರ ಎಂಟು ಹತ್ತು ಮೈಲಿ ನಿಧಾನ. ಕ್ರಿಕೆಟ್ ನೋಡುವವರಿಗೆ ಸ್ಲೋ ಬಾಲ್ ಬಗ್ಗೆ ಹೇಳಬೇಕಾಗಿಲ್ಲ, ಅಲ್ವಾ? ಆದರೆ ಫಾಸ್ಟ್‌ಬಾಲ್ ಹೆದರಿಕೆ ಹುಟ್ಟಿಸಿದ ಮೇಲೇ ಇದು ನಡೆಯುವುದು. ಬರೀ ಚೇಂಜಪ್ ಹಾಕುತ್ತಾ ಹೋದರೆ ಅದು ಪುಕ್ಕಟೆ ಚೆಂಡು.

ನಿಧಾನವಾಗಿ ಬಂದು ಕೊನೆಗೆ ಬಾಗಿ ಕೆಳಗಿಳಿಯುವ ಕರ್ವ್‌ಬಾಲ್ ನನಗೆ ಅಷ್ಟಾಗಿ ಇಷ್ಟವಿಲ್ಲ, ಕೈ ಬಿಡುತ್ತಲೇ ಒಂಚೂರು ಮೇಲೆದ್ದು ಗುಟ್ಟು ಬಿಟ್ಟುಕೊಡುತ್ತದೆ. ಹಾಕಲೇಬೇಕೆಂದರೆ ಎದೆಮಟ್ಟದ ಫಾಸ್ಟ್‌ಬಾಲ್ ಆದ ತಕ್ಷಣ, ಮೊಣಕಾಲಿಗಿಂತ ಕೆಳಗೆ ಹಾಕಿ.

ಒಂದು ಕೆಲಸ ಮಾಡಿ. ಸೋತ ಆಟದಲ್ಲಿ ಪ್ರತಿ ಬ್ಯಾಟರ್‌ಗೆ ಮೊದಲು ಏನು ಹಾಕಿದಿರಿ ಅಂತ ಬರೆದು ನೋಡಿ. ನಾನು ಬರೆದಾಗ ಹತ್ತಕ್ಕೆ ಎಂಟು ಸಲ ಹೊರಬದಿಯ ಫಾಸ್ಟ್‌ಬಾಲ್ ಇತ್ತು. ನಾಚಿಕೆಯಾಯಿತು!

ಪ್ರಶ್ನೆ: ಎರಡು ಸ್ಟ್ರೈಕ್ ಸಿಕ್ಕಿದೆ (ಮೂರಾದರೆ ಬ್ಯಾಟರ್ ಔಟ್), ಬಾಲ್ (ಸ್ಟ್ರೈಕ್ ಜೋನಿನ ಹೊರಗೆ ಹೋಗಿ ಬ್ಯಾಟರ್ ಬೀಸದೆ ಬಿಟ್ಟ ಎಸೆತ) ಒಂದೂ ಇಲ್ಲ. ಆಗ ಏನು ಹಾಕುತ್ತೀರಿ?

ಉತ್ತರ: ಸ್ಟ್ರೈಕ್ ಜೋನಿಗೆ, ಅಂದರೆ ಪ್ಲೇಟಿನ ಮೇಲೆ ಮೊಣಕಾಲಿನಿಂದ ಸುಮಾರು ಎದೆಮಟ್ಟದವರೆಗಿನ ಜಾಗಕ್ಕೆ, ಅಂತೂ ಹಾಕುವುದಿಲ್ಲ. ನಾಲ್ಕು ಬಾಲ್ ಆಗಿ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಗುವವರೆಗೂ ಟೈಮ್ ಇದೆ, ಆತುರ ಅವರಿಗೆ. ಸ್ಟ್ರೈಕ್ ಜೋನಿನ ಕೆಳ ಅಂಚಿಗೆ ಬಂದಂತೆ ಕಂಡು ಮಣ್ಣಿಗೆ ಬೀಳುವ ಚೇಂಜಪ್ ಹಾಕುತ್ತೇನೆ, ಎಡಗೈ ಬ್ಯಾಟರ್ ಆದರೆ ಇನ್ನೂ ಜಾಸ್ತಿ, ಯಾಕೆಂದರೆ ಬಲಗೈ ಪಿಚರ್‌ನ ಚೇಂಜಪ್ ಅವನಿಂದ ದೂರ ಸರಿಯುತ್ತದೆ. ಮೂರನೇ ಬೇಸಿನಲ್ಲಿ ಎದುರಾಳಿ ರನ್ನರ್ ಇದ್ದರೆ ಮಾತ್ರ ಮಣ್ಣಿನ ಆಸೆ ಬಿಡಿ, ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಕೈತಪ್ಪಿದರೆ ರನ್ ಹೋಯಿತು.