ಎಲ್ಕ್ ಬೇಟೆಗೆ ಎರಡು ಸಾವಿರ ಡಾಲರಿನ ಸ್ಕೋಪ್ ಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡ ರೀತಿ ಹೀಗಿದೆ: ನೀವು ಹೊಳಲ್ಕೆರೆ ಕಡೆಯವರು, ಈಗ ಕೊಲೊರಾಡೊದಲ್ಲಿ ಕೆಲಸದಲ್ಲಿದ್ದೀರಿ, ಬರುವ ಹಂಗಾಮಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಪರವಾನಗಿ ಸಿಕ್ಕಿದೆ, ಥರ್ಟಿ-ಆಟ್-ಸಿಕ್ಸ್ ರೈಫಲ್ ಕೊಂಡಿದ್ದೀರಿ. ಅದರ ಮೇಲೆ 400 ಡಾಲರಿನ ಸ್ಕೋಪ್ (ಗುರಿಯಿಡಲು ಬಂದೂಕಿನ ಮೇಲೆ ಕೂರಿಸುವ ದೂರದರ್ಶಕ) ಕೂರಿಸಬೇಕೋ, 2,000 ಡಾಲರಿನ ಯೂರೋಪಿನ ಸ್ಕೋಪ್ ಕೂರಿಸಬೇಕೋ ಎಂಬುದು ಮೊದಲ ಪ್ರಶ್ನೆ; ಊರಿಗೆ ಮರಳುವಾಗ ಅದನ್ನು ಜೊತೆಗೆ ತರಬಹುದೇ ಎಂಬುದು ಎರಡನೆಯದು. ನಾನು ದಾವಣಗೆರೆಯವನು. ಕೆಲಸದ ನಿಮಿತ್ತ ಕೆಲವು ವರ್ಷ ಡೆನ್ವರ್ ಬಳಿ ಇದ್ದಾಗ ಪರವಾನಗಿ ಪಡೆದು ಅಲ್ಲಿನ ಬೆಟ್ಟಗಳಲ್ಲಿ ಬೇಟೆಗೆ ಹೋಗುತ್ತಿದ್ದೆ. ಈಗ ಊರಿನಲ್ಲಿ ನೆಲೆಸಿದ್ದೇನೆ. ಹೀಗಾಗಿ ನಿಮ್ಮ ಎರಡು ಪ್ರಶ್ನೆಗಳಿಗೂ ನನ್ನ ಅನುಭವದಿಂದಲೇ ಉತ್ತರಿಸಬಲ್ಲೆ.

ನನ್ನ ಅಭಿಪ್ರಾಯದಲ್ಲಿ ನಿಮಗೆ 2,000 ಡಾಲರಿನ ಸ್ಕೋಪ್ ಬೇಕಿಲ್ಲ. ನಂಬಿಕೆಗೆ ಅರ್ಹವಾದ 400ರಿಂದ 600 ಡಾಲರಿನ ಸ್ಕೋಪ್ ಸಾಕು. ಆದರೆ ಉಳಿದ ಹಣವನ್ನು ಉಳಿಸಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಒಳ್ಳೆಯ ಬೈನಾಕ್ಯುಲರಿಗೂ ಅಭ್ಯಾಸದ ಗುಂಡುಗಳಿಗೂ ಹಾಕಿ ಎನ್ನುತ್ತಿದ್ದೇನೆ. ಏಕೆಂದರೆ ಆ ಬೆಟ್ಟಗಳಲ್ಲಿ ಬೇಟೆಗಾರನ ದಿನದ ಬಹುಪಾಲು ಕಳೆಯುವುದು ಗುಂಡು ಹಾರಿಸುವುದರಲ್ಲಲ್ಲ, ನೋಡುವುದರಲ್ಲಿ. ಬೆಳಕು ಹರಿಯುವ ಮೊದಲೇ ಒಂದು ದಿಣ್ಣೆ ಹತ್ತಿ ಕುಳಿತು, ಎದುರಿನ ಇಳಿಜಾರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಂಟೆಗಟ್ಟಲೆ ಜಾಲಾಡಬೇಕು. ಆಸ್ಪೆನ್ ಮರಗಳ ನಡುವೆ ಒಂದು ಕಿವಿ ಅಲುಗಿದ್ದು, ಕಂದುಬಣ್ಣದ ಕಲ್ಲೊಂದು ಕಲ್ಲಲ್ಲ ಎಂದು ತಿಳಿದದ್ದು, ಹೆಣ್ಣೋ ಗಂಡೋ, ಕೊಂಬಿಗೆ ನಿಯಮದಲ್ಲಿ ಹೇಳಿದಷ್ಟು ಕವಲುಗಳಿವೆಯೋ ಇಲ್ಲವೋ ಎಂದು ನಿರ್ಧರಿಸುವುದು, ಇವೆಲ್ಲ ಬೈನಾಕ್ಯುಲರಿನ ಕೆಲಸ. ಸ್ಕೋಪಿಗೆ ಕಣ್ಣಿಡುವುದು ಕೊನೆಯ ಕೆಲವು ಸೆಕೆಂಡುಗಳಿಗೆ ಮಾತ್ರ.

ಕಡಿಮೆ ಬೆಲೆಯ ಬೈನಾಕ್ಯುಲರನ್ನು ಅಷ್ಟು ಹೊತ್ತು ಹಿಡಿದರೆ ತಲೆನೋವು ಬರುತ್ತದೆ. ಎರಡು ಕೊಳವೆಗಳು ಕೂದಲೆಳೆಯಷ್ಟು ಹೊಂದದಿದ್ದರೂ ಆ ವ್ಯತ್ಯಾಸವನ್ನು ಸರಿದೂಗಿಸಲು ಕಣ್ಣಿನ ಸ್ನಾಯುಗಳು ಬೆಳಗಿನಿಂದ ದುಡಿಯುತ್ತಲೇ ಇರಬೇಕಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀವು ನೋಡುವುದನ್ನೇ ಬಿಟ್ಟಿರುತ್ತೀರಿ. ಇನ್ನು, ಸ್ಕೋಪನ್ನೇ ಬೈನಾಕ್ಯುಲರಿನಂತೆ ಬಳಸುವ ಯೋಚನೆಯಿದ್ದರೆ ಅದನ್ನು ಇಲ್ಲಿಯೇ ಬಿಡಿ: ಸ್ಕೋಪಿನಲ್ಲಿ ಒಬ್ಬ ಮನುಷ್ಯನನ್ನು ನೋಡಿದಿರಿ ಎಂದರೆ ತುಂಬಿದ ಬಂದೂಕನ್ನು ಅವನತ್ತ ತಿರುಗಿಸಿದಿರಿ ಎಂದೇ ಅರ್ಥ. 1949ರ ಜನವರಿ 1 ಅಥವಾ ಆ ಬಳಿಕ ಹುಟ್ಟಿದ ಪ್ರತಿಯೊಬ್ಬ ಬೇಟೆಗಾರನಿಗೂ ಕೊಲೊರಾಡೊ ಕಡ್ಡಾಯ ಮಾಡಿರುವ ಸುರಕ್ಷತಾ ತರಗತಿಯಲ್ಲಿ ಇದನ್ನು ನಿಮಗೆ ಹೇಳಿಯೇ ಇರುತ್ತಾರೆ.

ದುಬಾರಿ ಸ್ಕೋಪನ್ನು ಸಮರ್ಥಿಸುವವರು ಮೊದಲು ಹೇಳುವುದು ಬೆಳಕಿನ ಮಾತು. ಅದರಲ್ಲಿ ಸತ್ಯವಿದೆ, ಆದರೆ ನಿಮಗೆ ಅದು ಎಷ್ಟು ಅನ್ವಯಿಸುತ್ತದೆ ಎಂಬುದನ್ನು ನೋಡಬೇಕು. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡಾ 4ರಷ್ಟನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಒಂದು ಸ್ಕೋಪಿನಲ್ಲಿ ಅಂತಹ ಹತ್ತು ಮೇಲ್ಮೈಗಳಿದ್ದರೂ ಮೂರನೆಯ ಒಂದು ಭಾಗ ಬೆಳಕು ಕಣ್ಣು ತಲುಪುವ ಮೊದಲೇ ಕಳೆದುಹೋಗುತ್ತದೆ. ಇದನ್ನು ತಡೆಯುವ ತೆಳುಲೇಪನವನ್ನು 1935ರಲ್ಲಿ ಜರ್ಮನಿಯ ಯೇನಾದ ಜೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದರು. ಇಂದು 400 ಡಾಲರಿನ ಸ್ಕೋಪಿನಲ್ಲೂ ಎಲ್ಲ ಮಸೂರಗಳಿಗೂ ಹಲವು ಪದರಗಳ ಲೇಪನ ಇರುತ್ತದೆ. ಹಾಗಾಗಿ ಮಧ್ಯಮ ಬೆಲೆಯದಕ್ಕೂ ಅತಿ ದುಬಾರಿಯದಕ್ಕೂ ಒಳಬರುವ ಬೆಳಕಿನಲ್ಲಿ ಉಳಿದಿರುವ ಅಂತರ ಶೇಕಡಾ ಕೆಲವೇ ಅಂಕಗಳದ್ದು. ಅಷ್ಟು ವ್ಯತ್ಯಾಸವನ್ನು ಕಣ್ಣು ಗುರುತಿಸುವುದು ಕಷ್ಟ. ಗುರುತಿಸುವುದು ಬೇರೆಯದನ್ನು: ಮುಳುಗುವ ಸೂರ್ಯನ ಕಡೆಗೆ ತಿರುಗಿದಾಗ ಅಗ್ಗದ ಗಾಜಿನಲ್ಲಿ ಇಡೀ ಚಿತ್ರದ ಮೇಲೆ ಹಾಲಿನಂತಹ ಪೊರೆ ಹರಡುತ್ತದೆ, ದುಬಾರಿಯದರಲ್ಲಿ ನೆರಳಿನೊಳಗಿನ ಪ್ರಾಣಿ ನೆರಳಿನಿಂದ ಬೇರೆಯಾಗಿಯೇ ನಿಲ್ಲುತ್ತದೆ. ಇದು ನಿಜವಾದ ಲಾಭ, ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಕೊಲೊರಾಡೊದ ನಿಯಮ ಏನು ಹೇಳುತ್ತದೆ ನೋಡಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ನಂತರ ಅರ್ಧ ಗಂಟೆಯವರೆಗೆ ಮಾತ್ರ ಗುಂಡು ಹಾರಿಸಬಹುದು. ಆ ಅಂಚಿನಲ್ಲೂ ಬರಿಗಣ್ಣಿಗೆ ದಾರಿ ಕಾಣುವಷ್ಟು ಬೆಳಕು ಆಕಾಶದಲ್ಲಿ ಇರುತ್ತದೆ. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 40 ಮಿಲಿಮೀಟರಿನ ಸ್ಕೋಪನ್ನು 9 ಪಟ್ಟು ವರ್ಧನೆಗೆ ಇಟ್ಟರೆ ಅದು 4.4 ಮಿಲಿಮೀಟರ್, 6 ಪಟ್ಟಿಗೆ ಇಳಿಸಿದರೆ 6.7. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿಲಿಮೀಟರಿನವರೆಗೆ ಅರಳಬಹುದು, ಐವತ್ತು ದಾಟಿದವರದು ಸಾಮಾನ್ಯವಾಗಿ ಐದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಂದರೆ, ಮುಸ್ಸಂಜೆಯಲ್ಲಿ ವರ್ಧನೆಯ ಉಂಗುರವನ್ನು ಕೆಳಗೆ ತಿರುಗಿಸಿದರೆ ಸಾಧಾರಣ ಸ್ಕೋಪೇ ನಿಮ್ಮ ಕಣ್ಣು ಕುಡಿಯಬಹುದಾದಷ್ಟು ಬೆಳಕನ್ನು ಕೊಡುತ್ತದೆ. ಹೊಸಬರಲ್ಲಿ ಹೆಚ್ಚಿನವರು ಕತ್ತಲಾದಾಗ ಇದಕ್ಕೆ ತದ್ವಿರುದ್ಧವಾಗಿ ವರ್ಧನೆಯನ್ನು ಏರಿಸುತ್ತಾರೆ.

ಯೂರೋಪಿನ ಸ್ಕೋಪುಗಳು ಅಷ್ಟು ದೊಡ್ಡದಾಗಿ, ಅಷ್ಟು ದುಬಾರಿಯಾಗಿ ಬೆಳೆದದ್ದರ ಹಿಂದೆ ಅಲ್ಲಿನದೇ ಒಂದು ಕಾರಣವಿದೆ. ಜರ್ಮನಿಯಲ್ಲಿ ಕಾಡುಹಂದಿಯನ್ನು ರಾತ್ರಿ ಹೊತ್ತು, ಅಟ್ಟಣೆಯ ಮೇಲೆ ಕುಳಿತು, ಬೆಳದಿಂಗಳಲ್ಲಿ ಬೇಟೆಯಾಡುವ ರೂಢಿಯಿದೆ. ಅಲ್ಲಿ ಹೆಸರಾದ 8 ಪಟ್ಟು ವರ್ಧನೆಯ, 56 ಮಿಲಿಮೀಟರ್ ಮಸೂರದ ಸ್ಕೋಪು ಸರಿಯಾಗಿ 7 ಮಿಲಿಮೀಟರಿನ ಬೆಳಕಿನ ಕಂಬವನ್ನು ಕೊಡುತ್ತದೆ. ಚಂದ್ರನ ಬೆಳಕಿನಲ್ಲಿ ಕರಿಯ ಪ್ರಾಣಿಯನ್ನು ಕರಿಯ ಕಾಡಿನಿಂದ ಬೇರ್ಪಡಿಸಿ ನೋಡಬೇಕಾದವನಿಗೆ ಒಂದೊಂದು ಶೇಕಡಾ ಬೆಳಕೂ ಮುಖ್ಯ, ಅವನು ಅದಕ್ಕಾಗಿ ಹಣ ಕೊಡುವುದು ನ್ಯಾಯವೇ. ನಿಮಗೆ ಆ ಹೊತ್ತಿನಲ್ಲಿ ಬಂದೂಕು ಎತ್ತುವ ಅನುಮತಿಯೇ ಇಲ್ಲ. ಇನ್ನೊಬ್ಬರ ಕಾಡಿಗಾಗಿ, ಇನ್ನೊಬ್ಬರ ಕಾನೂನಿಗಾಗಿ ಮಾಡಿದ ಗುಣಕ್ಕೆ ನೀವೇಕೆ ಬೆಲೆ ತೆರಬೇಕು?

ನಾನು ಗಾಜಿಗಿಂತ ಹೆಚ್ಚು ಗಮನ ಕೊಡುವುದು ಸ್ಕೋಪಿನ ಒಳಗಿನ ಯಂತ್ರಭಾಗಕ್ಕೆ. ಅಗ್ಗದ ಸ್ಕೋಪು ಕೈಕೊಡುವುದು ಹೆಚ್ಚಾಗಿ ಅಲ್ಲಿಯೇ. 100 ಡಾಲರಿನದನ್ನು ಬೇಡ ಎನ್ನುವುದಕ್ಕೆ ನನ್ನ ಕಾರಣವೂ ಅದೇ. ಹೊರಕೊಳವೆಯ ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಸ್ಪ್ರಿಂಗೊಂದು ಅದನ್ನು ಎರಡು ತಿರುಪುಗಳಿಗೆ ಒತ್ತಿ ಹಿಡಿದಿರುತ್ತದೆ. ನೀವು ಹೊರಗಿನಿಂದ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದಾಗ ಆ ಒಳಕೊಳವೆ ತುಸು ಸರಿದು, ಗುಂಡು ಬೀಳುವ ಜಾಗ ಸಾಮಾನ್ಯವಾಗಿ ನೂರು ಗಜದಲ್ಲಿ ಕಾಲು ಇಂಚಿನಷ್ಟು ಬದಲಾಗುತ್ತದೆ. ಥರ್ಟಿ-ಆಟ್-ಸಿಕ್ಸ್ ಭುಜಕ್ಕೆ ಕೊಡುವ ಒದೆತವೇ ಈ ಒಳಕೊಳವೆಗೂ ಪ್ರತಿ ಸಲ ಬೀಳುತ್ತದೆ. ಸ್ಪ್ರಿಂಗ್ ಸಡಿಲವಾಗಿದ್ದರೆ, ತಿರುಪಿನ ಲೋಹ ಮೆತ್ತಗಿದ್ದರೆ, ಇವತ್ತು ಕೂಡಿಸಿದ ಗುರಿ ಮುಂದಿನ ವಾರ ಅದೇ ಜಾಗದಲ್ಲಿ ಇರುವುದಿಲ್ಲ. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅಂತಹ ಸ್ಕೋಪು ಪ್ರಾಣಿಯನ್ನು ಗಾಯಗೊಳಿಸಿ ಕಾಡಿಗೆ ಓಡಿಸುತ್ತದೆಯೇ ಹೊರತು ನೆಲಕ್ಕೆ ಕೆಡವುವುದಿಲ್ಲ. ಎಲ್ಕ್ ನಮ್ಮ ಕಡವೆಯ ಕುಟುಂಬಕ್ಕೆ ಸೇರಿದ್ದು, ಬೆಳೆದ ಗಂಡು 300 ಕಿಲೋ ತೂಗುತ್ತದೆ. ತಪ್ಪು ಜಾಗಕ್ಕೆ ಗುಂಡು ತಗುಲಿದ ಎಲ್ಕ್ ಬಹಳ ದೂರ ಹೋಗಬಲ್ಲದು.

ಇದನ್ನು ಬೆಲೆಪಟ್ಟಿ ನೋಡಿ ತಿಳಿಯಲಾಗದು, ಗುಂಡಿನ ಮೈದಾನದಲ್ಲಿ ಪರೀಕ್ಷಿಸಿಯೇ ತಿಳಿಯಬೇಕು. ನೂರು ಗಜದಲ್ಲಿ ಒಂದು ಗುರಿಗೆ ಮೂರು ಗುಂಡು ಹಾರಿಸಿ, ಅದೇ ಬಿಂದುವಿಗೆ ಗುರಿಯಿಡುತ್ತಾ ತಿರುಪನ್ನು ಇಪ್ಪತ್ತು ಕ್ಲಿಕ್ ಮೇಲಕ್ಕೆ, ಮುಂದಿನ ಮೂರಕ್ಕೆ ಇಪ್ಪತ್ತು ಬಲಕ್ಕೆ, ಆಮೇಲೆ ಅಷ್ಟೇ ಕೆಳಕ್ಕೆ, ಕೊನೆಗೆ ಅಷ್ಟೇ ಎಡಕ್ಕೆ ತಿರುಗಿಸುತ್ತಾ ಹೋಗಿ. ಗುಂಡುಗಳು ಒಂದು ಚೌಕ ಬಿಡಿಸಬೇಕು, ಕೊನೆಯ ಮೂರು ಮೊದಲ ಮೂರರ ಮೇಲೆಯೇ ಬಂದು ಕೂರಬೇಕು. ಕೂರದಿದ್ದರೆ ಸ್ಕೋಪನ್ನು ಬೈಯುವ ಮೊದಲು ಅದನ್ನು ಹಿಡಿದಿರುವ ಉಂಗುರಗಳನ್ನೂ ತಳಪಟ್ಟಿಯ ಸ್ಕ್ರೂಗಳನ್ನೂ ಪರೀಕ್ಷಿಸಿ. ಸ್ಕೋಪಿನದೆಂದು ಹೇಳುವ ದೋಷಗಳಲ್ಲಿ ಅನೇಕವು ನಿಜಕ್ಕೂ ಸಡಿಲ ಸ್ಕ್ರೂಗಳದ್ದಾಗಿರುತ್ತವೆ. ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಕ್ರೂಡ್ರೈವರಿನಿಂದಲೇ ಬಿಗಿಯಿರಿ. ಲ್ಯುಪೋಲ್ಡ್ ಮತ್ತು ವೋರ್ಟೆಕ್ಸ್ ಕಂಪನಿಗಳು ತಮ್ಮ ಮಧ್ಯಮ ಬೆಲೆಯ ಸ್ಕೋಪುಗಳಿಗೂ ಜೀವಿತಾವಧಿಯ ಖಾತರಿ ಕೊಡುತ್ತವೆ. ಪರೀಕ್ಷೆಯಲ್ಲಿ ಸೋತದ್ದನ್ನು ಹಂಗಾಮಿಗೆ ಮುಂಚೆ ಕಳುಹಿಸಿ ಸರಿಪಡಿಸಿಕೊಳ್ಳುವಷ್ಟು ಸಮಯ ಇರುವಂತೆ ಈಗಲೇ ಕೊಳ್ಳುವುದು ಒಳ್ಳೆಯದು.

ವರ್ಧನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 3ರಿಂದ 9 ಪಟ್ಟಿನದು ಸಾಕು. 5ರಿಂದ 25 ಪಟ್ಟಿನ ದೊಡ್ಡ ಸ್ಕೋಪುಗಳು ಒಂದು ಕಿಲೋದಷ್ಟು ತೂಗುತ್ತವೆ. ಎಂಟು-ಒಂಬತ್ತು ಸಾವಿರ ಅಡಿ ಎತ್ತರದಲ್ಲಿ, ನಮ್ಮ ಬಯಲುಸೀಮೆಯ ಶ್ವಾಸಕೋಶ ಹೊತ್ತು ಏರುವಾಗ, ಆ ಹೆಚ್ಚುವರಿ ಅರ್ಧ ಕಿಲೋ ಪ್ರತಿ ಹೆಜ್ಜೆಗೂ ತನ್ನ ಇರವನ್ನು ನೆನಪಿಸುತ್ತದೆ. ಕಣ್ಣಿಗೂ ಸ್ಕೋಪಿಗೂ ನಡುವೆ ಮೂರೂವರೆ ಇಂಚಿನಷ್ಟಾದರೂ ಅಂತರ ಸಿಗುವುದನ್ನೇ ಆರಿಸಿ, ಇಲ್ಲದಿದ್ದರೆ ಒದೆತಕ್ಕೆ ಹುಬ್ಬು ಸೀಳುತ್ತದೆ.

ಹಾಗಾದರೆ ದುಬಾರಿ ಸ್ಕೋಪು ಯಾರಿಗೆ ತಕ್ಕದ್ದು? ನಾಲ್ಕುನೂರು, ಐನೂರು ಗಜಕ್ಕೆ ತಿರುಪು ತಿರುಗಿಸಿಯೇ ಗುಂಡು ಹಾರಿಸುವ ಅಭ್ಯಾಸವನ್ನು ವರ್ಷವಿಡೀ ಮಾಡುವವರಿಗೆ ತಕ್ಕದ್ದು. ಅವರ ತಿರುಪು ನೂರಾರು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ, ಪ್ರತಿ ಸಲವೂ ಅದೇ ಜಾಗಕ್ಕೆ ಬರಲೇಬೇಕು. ಮೊದಲ ಹಂಗಾಮಿನ ನೀವು 300 ಗಜದ ಒಳಗೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 200 ಗಜಕ್ಕೆ ಗುರಿ ಕೂಡಿಸಿದ 180 ಗ್ರೇನ್ ತೂಕದ ಗುಂಡು 300 ಗಜದಲ್ಲಿ ಎಂಟು-ಒಂಬತ್ತು ಇಂಚು ಕೆಳಗೆ ಬೀಳುತ್ತದೆ. ಅಷ್ಟನ್ನು ತಿರುಪು ಮುಟ್ಟದೆ, ಗುರಿಯನ್ನು ತುಸು ಮೇಲೆ ಹಿಡಿದೇ ಸರಿದೂಗಿಸಬಹುದು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅದೇ ದೂರದಲ್ಲಿ ಗುಂಡನ್ನು ಆರೇಳು ಇಂಚು ಪಕ್ಕಕ್ಕೆ ತಳ್ಳುತ್ತದೆ, ಅದನ್ನು ಅಂದಾಜಿಸುವುದನ್ನು ಎಷ್ಟು ಬೆಲೆಯ ಗಾಜೂ ನಿಮಗಾಗಿ ಮಾಡಿಕೊಡುವುದಿಲ್ಲ. ಇಪ್ಪತ್ತು ಗುಂಡಿನ ಪೆಟ್ಟಿಗೆಗೆ ಸಾಮಾನ್ಯವಾಗಿ 30ರಿಂದ 50 ಡಾಲರ್ ಬೀಳುತ್ತದೆ. ಸ್ಕೋಪಿನಲ್ಲಿ ಉಳಿಸಿದ ಹಣದಲ್ಲಿ ಇಂತಹ ಹತ್ತು ಪೆಟ್ಟಿಗೆ ಕೊಂಡು, ಬೆಂಚಿನ ಮೇಲಲ್ಲ, ನೆಲದಲ್ಲಿ ಕುಳಿತು, ಮಂಡಿಯೂರಿ, ಏದುಸಿರು ಬಿಡುತ್ತಾ ಹಾರಿಸಿ ಕಲಿಯಿರಿ.

ಇನ್ನು ಊರಿಗೆ ತರುವ ಮಾತು. ದಯವಿಟ್ಟು ಸ್ಕೋಪನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಯೋಚನೆ ಮಾಡಬೇಡಿ. ಬಂದೂಕಿನ ಸ್ಕೋಪಿಗೆ ಅಮೆರಿಕದ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿ 0ಎ504 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ, ಅದನ್ನು ಕ್ಯಾಮೆರಾದಂತೆ ಸಾಮಾನ್ಯ ಸಾಮಾನೆಂದು ಪರಿಗಣಿಸುವುದಿಲ್ಲ. ತಂದರೂ ಇಲ್ಲಿ ಅದಕ್ಕೆ ಕೆಲಸವಿಲ್ಲ. ದುರ್ಗದ ಪಾಳೆಯಗಾರರ ಸೀಮೆಯವರಿಗೆ ಬೇಟೆಯ ಮಾತು ಹೊಸದೇನಲ್ಲವಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಅಧ್ಯಾಯ ಮುಗಿದಿದೆ. ಅಲ್ಲಿಯೇ ಮಾರಿ ಬನ್ನಿ. 400 ಡಾಲರಿನದನ್ನು ಮಾರುವಾಗ ಆಗುವ ನಷ್ಟವೂ ಚಿಕ್ಕದು.

ಬೈನಾಕ್ಯುಲರ್ ಹಾಗಲ್ಲ. ಅಲ್ಲಿ ಕೊಂಡ 10 ಪಟ್ಟು ವರ್ಧನೆಯ, 42 ಮಿಲಿಮೀಟರಿನ ಜೋಡಿಯೇ ಈಗ ನನ್ನ ಜೊತೆ ಬೆಳಗಿನ ಜಾವ ಕೊಂಡಜ್ಜಿ ಕೆರೆಯ ಏರಿಯ ಮೇಲಿರುತ್ತದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಿದ್ದಾರೆ. ನಾಲ್ಕು ಕೊಂಬಿನ ಆ ಸಂಕೋಚದ ಪ್ರಾಣಿ ಪೊದೆಯ ಬಣ್ಣದಲ್ಲೇ ಕರಗಿ ನಿಂತಿರುವಾಗ ಒಳ್ಳೆಯ ಗಾಜಿಗೆ ಕೊಟ್ಟ ಒಂದೊಂದು ಡಾಲರಿನ ಬೆಲೆಯೂ ತಿಳಿಯುತ್ತದೆ. ಜೋಗಿಮಟ್ಟಿಯ ಬಂಡೆಗಳಲ್ಲಿ ಕರಡಿಯನ್ನು ಸುರಕ್ಷಿತ ದೂರದಿಂದ ನೋಡಬಯಸುವವರಿಗೂ ಅಷ್ಟೇ. ಸಾವಿರ ಡಾಲರಿನ ಆಸುಪಾಸಿನಲ್ಲಿ ಸಿಗುವ ಬೈನಾಕ್ಯುಲರುಗಳು ಈ ಎರಡೂ ನಾಡಿನ ಕೆಲಸಕ್ಕೆ ಧಾರಾಳವಾಗಿ ಸಾಕು. ಕೊಳ್ಳುವ ಮೊದಲು ಅಂಗಡಿಯ ಒಳಗೆ ನೋಡಿ ತೃಪ್ತಿಪಡದೆ, ಸಂಜೆಯ ಹೊತ್ತು ಹೊರಗೆ ಬಂದು, ಕನ್ನಡಕ ಧರಿಸುವವರಾದರೆ ಕನ್ನಡಕದೊಂದಿಗೇ, ನೆರಳಿನ ಮರಗಳತ್ತ ಹತ್ತು ನಿಮಿಷ ಎಡೆಬಿಡದೆ ನೋಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ನೀವು ಹೆಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಕಾನೂನು ನಿಮಗೆ ಬಂದೂಕು ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆಯ ಪರವಾನಗಿ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಹಂಗಾಮು ಮುಗಿದು ಪರವಾನಗಿಯ ಅವಧಿ ತೀರಿದ ಮೇಲೆ ರೈಫಲ್ ನಿಮ್ಮ ಮನೆಯ ಕಪಾಟಿನಲ್ಲಿ ಇದ್ದರೂ ಅದು ಅಪರಾಧವಾಗಬಹುದು. ಆದ್ದರಿಂದ ಪರವಾನಗಿಯ ಕೊನೆಯ ದಿನಾಂಕವನ್ನು ಇವತ್ತೇ ನೋಡಿಕೊಳ್ಳಿ, ಅನುಮಾನವಿದ್ದರೆ ಸ್ಕೋಪಿಗೆ ಹಣ ಹಾಕುವ ಮುನ್ನ ಒಬ್ಬ ವಲಸೆ ವಕೀಲರನ್ನು ಕೇಳಿ.