ಊದುಬತ್ತಿ ಹಚ್ಚಿದ ಕೋಣೆ

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಉದ್ಯೋಗ ಮತ್ತು ಗುರುತು ಹತ್ತುವಂತಹ ವಿವರಗಳನ್ನು ಬದಲಿಸಿದ್ದೇನೆ.)

ಕಾಯಿಲೆಯ ಕೊನೆಯ ಹಂತದಲ್ಲಿರುವವರನ್ನು ಎಲ್ಲಿ ನೋಡಿಕೊಳ್ಳುವುದು ಎಂದು ಕೇಳಿ ಮನೆಯವರು ನನ್ನ ಬಳಿಗೆ ಬರುತ್ತಾರೆ. ಹಾಗೆ ಬಂದ ಸುಮಿತ್ರಾ ಚೀಲದಿಂದ ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರವೊಂದರ ಬಣ್ಣದ ಕರಪತ್ರ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹುಲ್ಲುಹಾಸು, ಎ.ಸಿ. ಕೋಣೆ, ಗೋಡೆಯ ಮೇಲೆ ದೊಡ್ಡ ಟಿ.ವಿ. "ಮೇಡಂ, ಅಪ್ಪನನ್ನು ಇಲ್ಲಿಗೆ ಸೇರಿಸೋಣ ಎಂದು ತಮ್ಮ ಹೇಳುತ್ತಿದ್ದಾನೆ. ಒಂದು ಲಕ್ಷ ಮುಂಗಡ ಕೇಳಿದ್ದಾರೆ. ಜಾಗ ಒಳ್ಳೆಯದೋ ಅಲ್ಲವೋ, ಹೇಗೆ ತಿಳಿಯುವುದು?" ಎಂದು ಕೇಳಿದರು. ತಮ್ಮ ರವಿ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

ಅವರ ತಂದೆಗೆ ಅರವತ್ತೊಂಬತ್ತು ವರ್ಷ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ನಲವತ್ತು ವರ್ಷದ್ದು. ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಎಂದು ತಿಳಿದ ಮೇಲೆ ಶಸ್ತ್ರಚಿಕಿತ್ಸೆಯಾಯಿತು, ವಿಕಿರಣ ಚಿಕಿತ್ಸೆಯಾಯಿತು, ಒಂದು ವರ್ಷ ನೆಮ್ಮದಿಯಾಗಿ ಕಳೆಯಿತು. ನಂತರ ಅದೇ ಜಾಗದಲ್ಲಿ ಮತ್ತೆ ಗಂಟು ಎದ್ದು, ಕೆನ್ನೆ ಒಡೆದು ಹುಣ್ಣಾಯಿತು. ಈಗ ಗಂಜಿ ಹೋಗುವುದು ಮೂಗಿನ ನಳಿಗೆಯಲ್ಲಿ. ಮಾತು ಸ್ಪಷ್ಟವಿಲ್ಲದ್ದರಿಂದ ಹೇಳಬೇಕಾದದ್ದನ್ನು ನೋಟುಪುಸ್ತಕದಲ್ಲಿ ಬರೆಯುತ್ತಾರೆ. ಕಾಯಿಲೆಯನ್ನು ವಾಸಿ ಮಾಡುವ ಚಿಕಿತ್ಸೆ ಇನ್ನು ಇಲ್ಲ, ನೋವು ಮತ್ತು ಸಂಕಟ ಇಳಿಸುವ ಉಪಶಮನ ಆರೈಕೆ ಕೊಡಿಸಿ ಎಂದು ಆಸ್ಪತ್ರೆಯವರು ಬರೆದು ಕಳುಹಿಸಿದ್ದರು.

ಮೊದಲ ಭೇಟಿಯಲ್ಲಿ ಆ ಪ್ರಶ್ನೆಯ ನಂತರ ಅರ್ಧ ಗಂಟೆ ಜಾಗದ ಮಾತೇ ಬರಲಿಲ್ಲ. ಸೋದರತ್ತೆ ಫೋನಿನಲ್ಲಿ "ಹೆತ್ತ ತಂದೆಯನ್ನು ಹೊರಗೆ ಹಾಕುತ್ತಿದ್ದೀರಿ" ಎಂದಿದ್ದರಂತೆ. ಆ ಮಾತು ಸುಮಿತ್ರಾ ಅವರ ಎದೆಯಲ್ಲಿ ಮುಳ್ಳಿನಂತೆ ನಿಂತಿತ್ತು. ಲಕ್ಷ ಕೊಟ್ಟರೆ ಅತ್ತೆಯ ಬಾಯಿ ಮುಚ್ಚೀತು ಎಂಬ ಆಸೆ ರವಿಯವರಲ್ಲಿ ಇದ್ದದ್ದು ಅವರ ಮಾತಿನಲ್ಲೇ ತಿಳಿಯುತ್ತಿತ್ತು. ನಾನು ಇಬ್ಬರಿಗೂ ಒಂದು ವಿಷಯ ಬಿಡಿಸಿ ಹೇಳಿದೆ: ಅಪ್ಪನನ್ನು ಮನೆಯ ಹೊರಗೆ ನೋಡಿಕೊಳ್ಳುವುದು ಸರಿಯೇ ಎಂಬುದು ಒಂದು ಪ್ರಶ್ನೆ, ಈ ಜಾಗ ಒಳ್ಳೆಯದೇ ಎಂಬುದು ಇನ್ನೊಂದು. ಎರಡನ್ನೂ ಕಲಸಿಕೊಂಡರೆ ತಪ್ಪಿತಸ್ಥ ಭಾವನೆಯೇ ನಿಮ್ಮ ಬದಲು ಜಾಗ ಆರಿಸುತ್ತದೆ, ಅದು ಯಾವಾಗಲೂ ದುಬಾರಿಯದನ್ನೇ ಆರಿಸುತ್ತದೆ.

ಆಮೇಲೆ ಕೇಳಿದೆ, ಆ ಜಾಗಕ್ಕೆ ಹೋಗಿ ನೋಡಿದ್ದೀರಾ? ಭಾನುವಾರ ಹೋಗಿದ್ದರು. "ಬಹಳ ಸ್ವಚ್ಛವಾಗಿತ್ತು ಮೇಡಂ. ರೋಗಿಗಳ ಕೋಣೆಯಲ್ಲೂ ಊದುಬತ್ತಿ ಹಚ್ಚಿಟ್ಟಿದ್ದರು. ಘಮ್ಮೆನ್ನುತ್ತಿತ್ತು."

ನನಗೆ ಅಲ್ಲಿಯೇ ಅನುಮಾನ ಬಂತು. ಒಡೆದ ಕ್ಯಾನ್ಸರ್ ಹುಣ್ಣು ನಾರುವುದು ಸತ್ತ ಅಂಗಾಂಶದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳಿಂದ. ಅದಕ್ಕೆ ಸರಳವಾದ ಉಪಾಯವಿದೆ. ಮೆಟ್ರೊನಿಡಜೋಲ್ ಮಾತ್ರೆಗಳನ್ನು ನುಣ್ಣಗೆ ಪುಡಿ ಮಾಡಿ, ಹುಣ್ಣನ್ನು ತೊಳೆದ ನಂತರ ಅದರ ಮೇಲೆ ಉದುರಿಸಿ ಡ್ರೆಸ್ಸಿಂಗ್ ಮಾಡುತ್ತಾರೆ. ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಮಾತ್ರೆಯ ಬೆಲೆ ಬಹಳ ಕಡಿಮೆ. ಉಪಶಮನ ಆರೈಕೆ ಕಲಿತ ಯಾವ ನರ್ಸಿಗೂ ಇದು ಗೊತ್ತಿರುತ್ತದೆ. ಹುಣ್ಣಿರುವ ಮನುಷ್ಯನಿಗೆ ತನ್ನ ವಾಸನೆ ತನಗೇ ತಿಳಿಯುತ್ತಿರುತ್ತದೆ, ಮೊಮ್ಮಕ್ಕಳು ಹತ್ತಿರ ಬರದೆ ಬಾಗಿಲಲ್ಲೇ ನಿಲ್ಲುವುದೂ ಕಾಣುತ್ತಿರುತ್ತದೆ. ಅಂಥವರ ಕೋಣೆಯಲ್ಲಿ ಊದುಬತ್ತಿ ಹಚ್ಚುವುದು ಬಂದವರ ಮೂಗಿಗೆ ಮಾಡುವ ಉಪಚಾರ. ಹುಣ್ಣು ಇದ್ದ ಹಾಗೆಯೇ ಇರುತ್ತದೆ.

ಇನ್ನೊಮ್ಮೆ ಹೋಗಿ ಎಂದೆ. ಮೊದಲೇ ಫೋನ್ ಮಾಡದೆ, ವಾರದ ನಡುವೆ, ಬೆಳಗ್ಗೆ ಡ್ರೆಸ್ಸಿಂಗ್ ನಡೆಯುವ ಹೊತ್ತಿಗೆ. ಹುಲ್ಲುಹಾಸು ಬಿಡಿ, ಮಲಗಿರುವವರ ತುಟಿ ನೋಡಿ. ತುಟಿ ಒಡೆದಿದ್ದರೆ, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿದ್ದರೆ, ಬಾಯಿ ಒರೆಸುವವರು ಅಲ್ಲಿ ಯಾರೂ ಇಲ್ಲ. ಉಗುರು ನೋಡಿ. ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತೀರಿ ಎಂದು ಕೇಳಿ. ಎರಡು ಗಂಟೆಗೊಮ್ಮೆ ಎಂದರೆ ಅದನ್ನು ಬರೆದಿಟ್ಟ ಹಾಳೆ ತೋರಿಸಿ ಎನ್ನಿ. ರಾತ್ರಿ ಪಾಳಿಯಲ್ಲಿ ನರ್ಸಿಂಗ್ ಓದಿದವರು ಎಷ್ಟು ಜನ, ಆಯಾಗಳು ಎಷ್ಟು ಜನ ಎಂದು ವಿಚಾರಿಸಿ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಿ, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಅದು ಇದೆಯೇ ಎಂದು ನೋಡುವುದಕ್ಕೆ ಒಂದು ನಿಮಿಷ ಸಾಕು.

ಕೊನೆಗೆ ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಟ್ಟೆ. ಇದೊಂದನ್ನು ಮರೆಯಬೇಡಿ ಎಂದು ಎರಡು ಸಲ ಹೇಳಿದೆ. "ರಾತ್ರಿ ಎರಡು ಗಂಟೆಗೆ ನಮ್ಮ ಅಪ್ಪನಿಗೆ ತಡೆಯಲಾಗದ ನೋವು ಬಂದರೆ ನೀವು ಏನು ಮಾಡುತ್ತೀರಿ?"

ಹತ್ತು ದಿನ ಬಿಟ್ಟು ಬಂದರು. ಉತ್ತರ ಸಿಕ್ಕಿತ್ತು: "ಟ್ರಮಡಾಲ್ ಇಂಜೆಕ್ಷನ್ ಕೊಡುತ್ತೇವೆ. ಜಾಸ್ತಿಯಾದರೆ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಕಳುಹಿಸುತ್ತೇವೆ." ಅದಕ್ಕಿಂತ ಬಲವಾದ ನೋವಿನ ಔಷಧವಾದ ಮಾರ್ಫಿನ್ ಇದೆಯೇ ಎಂದಾಗ ವ್ಯವಸ್ಥಾಪಕರು ಕೈ ಅಲ್ಲಾಡಿಸಿ, ಅಂಥದ್ದನ್ನೆಲ್ಲ ನಾವು ಇಟ್ಟುಕೊಳ್ಳುವುದಿಲ್ಲ ಎಂದಿದ್ದರು. ತಂದೆಗೆ ಕಾಯಿಲೆಯ ವಿಷಯ ಪೂರ್ತಿ ಹೇಳಿಲ್ಲ ಎಂದು ರವಿ ತಿಳಿಸಿದಾಗ, "ಚಿಂತೆ ಬೇಡ, ಎಲ್ಲವನ್ನೂ ವಿಟಮಿನ್ ಎಂದೇ ಹೇಳುತ್ತೇವೆ" ಎಂದು ಧೈರ್ಯ ಕೊಟ್ಟಿದ್ದರು.

ಆಶ್ಚರ್ಯವೆಂದರೆ ಮಾರ್ಫಿನ್ ಇಲ್ಲದ್ದು ರವಿಯವರಿಗೆ ಸಮಾಧಾನ ತಂದಿತ್ತು. ಅದು ಚಟ ಹಿಡಿಸುತ್ತದೆ, ಜೀವ ಬೇಗ ತೆಗೆಯುತ್ತದೆ ಎಂದು ಅವರು ನಂಬಿದ್ದರು. ಈ ಮಾತು ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ಈ ಒಂದು ನಂಬಿಕೆಯಿಂದ ನರಳಿ ಹೋದವರನ್ನು ನಾನು ಕಂಡಿದ್ದೇನೆ. ನಾನು ವೈದ್ಯೆಯಲ್ಲ. ಹಾಗಾಗಿ ನನ್ನ ಜೊತೆ ಕೆಲಸ ಮಾಡುವ ಉಪಶಮನ ಆರೈಕೆಯ ವೈದ್ಯರನ್ನು ಕರೆದು ಅವರಿಂದಲೇ ಹೇಳಿಸಿದೆ. ಕ್ಯಾನ್ಸರ್ ನೋವಿಗೆ ಸರಿಯಾದ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಕೊಟ್ಟ ಮಾರ್ಫಿನ್ ಆಯುಷ್ಯ ಕಡಿಮೆ ಮಾಡುವುದಿಲ್ಲ. ಅದನ್ನು ನೋವು ಬಂದಾಗ ಕೊಡುವುದಲ್ಲ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡುವುದು. ನಿದ್ದೆ ಕೆಡದಿರಲೆಂದು ಮಲಗುವಾಗಿನ ಡೋಸು ಸಾಮಾನ್ಯವಾಗಿ ದುಪ್ಪಟ್ಟಾಗಿರುತ್ತದೆ. ನಾಲ್ಕು ಗಂಟೆಗೊಮ್ಮೆ ಕೊಡುವ ಈ ಸಾಧಾರಣ ಮಾತ್ರೆಯನ್ನು (ನಿಧಾನವಾಗಿ ಬಿಡುಗಡೆಯಾಗುವ ಬಗೆಯದನ್ನಲ್ಲ) ಪುಡಿ ಮಾಡಿ ನಳಿಗೆಯಲ್ಲೂ ಕೊಡಬಹುದು. ಮಲಬದ್ಧತೆ ಆಗಿಯೇ ಆಗುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಅದಕ್ಕೂ ಔಷಧ ಜೊತೆಗಿರಬೇಕು. ಈ ಕೊನೆಯ ಮಾತನ್ನು ನೀವು ಕೇಳುವ ಮೊದಲೇ ಹೇಳುವ ನರ್ಸ್ ಇರುವ ಕಡೆ ಮಾರ್ಫಿನ್ ಬಳಕೆ ರೂಢಿಯಲ್ಲಿದೆ ಎಂದು ತಿಳಿಯಬಹುದು.

ಮಾರ್ಫಿನ್ ಇಟ್ಟುಕೊಳ್ಳದೆ ಇರುವುದಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. 1985ರ ಮಾದಕ ವಸ್ತು ಕಾಯ್ದೆಯ ನಂತರ ಆಸ್ಪತ್ರೆಗಳು ಒಂದರ ಮೇಲೊಂದು ಪರವಾನಗಿ ಪಡೆಯಬೇಕಾಗಿತ್ತು, ಅನೇಕರು ಆ ಗೊಡವೆಯೇ ಬೇಡವೆಂದು ಬಿಟ್ಟರು. 2014ರ ತಿದ್ದುಪಡಿಯ ಮೇಲೆ, ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ಆ ಒಂದು ಅನುಮತಿ ಸಾಕು. ಹಾಗಿದ್ದೂ ಕ್ಯಾನ್ಸರ್ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುತ್ತೇವೆ ಎಂದು ಕರಪತ್ರ ಹಂಚುವವರು ಮಾರ್ಫಿನ್ ಇಟ್ಟುಕೊಂಡಿಲ್ಲ ಎಂದರೆ, ಅಲ್ಲಿ ಇರುವುದು ವಸತಿ ಮತ್ತು ಊಟ. ಇದನ್ನು ನಾನು ರವಿಯವರಿಗೆ ಇಷ್ಟೇ ನೇರವಾಗಿ ಹೇಳಿದೆ.

"ವಿಟಮಿನ್" ಉತ್ತರ ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿತು. ಹೇಳಬೇಡಿ ಎಂದು ಬೇಡಿಕೊಳ್ಳುವ ಮನೆಯವರನ್ನು ನಾನು ದೂರುವುದಿಲ್ಲ, ಅದು ಪ್ರೀತಿಯಿಂದಲೇ ಹುಟ್ಟುವ ಭಯ. ಆದರೆ ಒಳ್ಳೆಯ ತಂಡ ಆ ಬೇಡಿಕೆಗೆ ಸುಳ್ಳಿನಿಂದ ಕೈಜೋಡಿಸುವುದಿಲ್ಲ, ದುಡುಕಿ ಸತ್ಯವನ್ನೂ ಒದರುವುದಿಲ್ಲ. ರೋಗಿಯ ಪಕ್ಕ ಕುಳಿತು, ನಿಮಗೆ ಏನು ತಿಳಿದಿದೆ, ಇನ್ನೆಷ್ಟು ತಿಳಿಯಬೇಕು ಎನಿಸುತ್ತದೆ ಎಂದು ಕೇಳುತ್ತದೆ. ಹೀಗೆ ಹೇಳುತ್ತಿರುವಾಗಲೇ ನನ್ನ ಲೋಪವೂ ನನಗೆ ಕಂಡಿತು: ಎರಡು ಭೇಟಿಯಾದರೂ ಮೇಷ್ಟ್ರಿಗೆ ಏನು ಬೇಕು ಎಂದು ನಾನು ವಿಚಾರಿಸಿರಲಿಲ್ಲ. ಮನೆಗೆ ಹೋಗಿ ಅಪ್ಪನನ್ನೇ ಕೇಳಿ ಎಂದು ಅವರನ್ನು ಕಳುಹಿಸಿದೆ. ಸುಮಿತ್ರಾ ಕೇಳಿದಾಗ ಅವರು ನೋಟುಪುಸ್ತಕದಲ್ಲಿ ಬರೆದದ್ದು ಎರಡು ಸಾಲು. "ಗೊತ್ತು. ಆದಷ್ಟು ದಿನ ಮನೆಯಲ್ಲಿರುತ್ತೇನೆ."

ಆ ಎರಡು ಸಾಲಿನಿಂದ ಹುಡುಕಾಟದ ದಿಕ್ಕೇ ಬದಲಾಯಿತು. ಈಗ ಬೇಕಾದದ್ದು ಮನೆಗೆ ಬಂದು ನೋಡಿಕೊಳ್ಳುವ, ಕೈ ಮೀರಿದರೆ ತಮ್ಮಲ್ಲೇ ಹಾಸಿಗೆ ಕೊಡುವ ತಂಡ. ಅಂತಹ ಒಂದು ದತ್ತಿ ಹಾಸ್ಪೈಸ್, ಅಂದರೆ ಗುಣವಾಗದ ಹಂತದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಸಂಸ್ಥೆಯ ಹೆಸರು ಕೊಟ್ಟೆ. ಉಚಿತ ಎಂದದ್ದೇ ತಡ, ರವಿಯವರ ಮುಖ ಸಪ್ಪಗಾಯಿತು. "ಪುಕ್ಕಟೆ ಕೊಡುವ ಕಡೆ ಏನು ನೋಡಿಕೊಂಡಾರು ಮೇಡಂ?" ಈ ಅನುಮಾನಕ್ಕೆ ನನ್ನ ಬಳಿ ಉತ್ತರವಿತ್ತು. ನಮ್ಮ ದೇಶದಲ್ಲಿ ಹಾಸ್ಪೈಸ್ ಬೆಳೆದದ್ದೇ ದಾನದ ಮೇಲೆ. ಮುಂಬಯಿಯ ಶಾಂತಿ ಅವೇದನಾ ಸದನ 1986ರಲ್ಲಿ ಶುರುವಾದದ್ದು ಹಾಗೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಂದ ಒಂದು ರೂಪಾಯಿಯನ್ನೂ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. ಉಚಿತವಾದದ್ದೆಲ್ಲ ಒಳ್ಳೆಯದು ಎಂದೂ ನಾನು ಹೇಳಲಿಲ್ಲ. ಅದೇ ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ, ಅದೇ ಕಣ್ಣಿನಿಂದ ನೋಡಿ ಎಂದೆ.

ಈ ಸಲ ಮೇಷ್ಟ್ರನ್ನೂ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಸುಮಿತ್ರಾ ನನಗೆ ಹೇಳಿದ್ದು ಹೀಗೆ. ವಾರ್ಡಿನ ಕಪಾಟಿನಲ್ಲಿ ಕಡುಗೆಂಪು ಟವಲುಗಳನ್ನು ಮಡಿಸಿಟ್ಟಿದ್ದರು. ಉಳಿದೆಲ್ಲ ಬಟ್ಟೆ ಬಿಳಿ, ಇವು ಮಾತ್ರ ಬಣ್ಣದವು ಏಕೆ ಎಂದು ಕೇಳಿದಾಗ ಹಿರಿಯ ನರ್ಸ್ ಅವರನ್ನು ಪಕ್ಕಕ್ಕೆ ಕರೆದು ಮೆಲುದನಿಯಲ್ಲಿ ವಿವರಿಸಿದರು. ಕುತ್ತಿಗೆ, ಕೆನ್ನೆಯ ಕ್ಯಾನ್ಸರಿನಲ್ಲಿ ಕೆಲವರಿಗೆ ಒಮ್ಮೆಲೇ ರಕ್ತನಾಳ ಒಡೆದು ರಕ್ತ ಹೋಗಬಹುದು. ಬಿಳಿ ಬಟ್ಟೆಯ ಮೇಲೆ ಆ ರಕ್ತ ಕಂಡರೆ ರೋಗಿಯೂ ಮನೆಯವರೂ ಹೆದರಿ ಹೋಗುತ್ತಾರೆ. ಅದಕ್ಕೇ ಈ ಟವಲು, ಜೊತೆಗೆ ಆ ಹೊತ್ತಿಗೆ ಮಂಪರು ತರಿಸುವ ಇಂಜೆಕ್ಷನ್ ಸಿದ್ಧವಿರುತ್ತದೆ. ನಿಮ್ಮ ತಂದೆಯವರಿಗೆ ಹೀಗಾಗಲೇಬೇಕೆಂದಿಲ್ಲ, ಆದರೆ ನಿಮಗೆ ತಿಳಿದಿರಲಿ ಎಂದರು. ಇದನ್ನು ಕೇಳಿ ನನ್ನ ಕಣ್ಣು ತುಂಬಿತು. ಬರಬಹುದಾದ ಅತಿ ಕೆಟ್ಟ ಗಳಿಗೆಯನ್ನು ಮೊದಲೇ ಯೋಚಿಸಿ, ಅದರ ಬಣ್ಣವನ್ನೂ ಯೋಚಿಸಿ, ಟವಲು ಕೊಂಡಿಟ್ಟವರು ಅವರು.

ಅಷ್ಟರಲ್ಲಿ ಮೇಷ್ಟ್ರು ಪುಸ್ತಕದಲ್ಲಿ ಏನೋ ಬರೆದು ಚಿಕ್ಕ ವಯಸ್ಸಿನ ಇನ್ನೊಬ್ಬ ನರ್ಸಿಗೆ ತೋರಿಸಿದರು. "ರಾತ್ರಿ ದೀಪ ಆರಿಸುತ್ತೀರಾ?" ಮಕ್ಕಳಿಬ್ಬರಿಗೂ ಇದು ಹೊಸದು. ಆಸ್ಪತ್ರೆಯಲ್ಲಿದ್ದ ಅಷ್ಟೂ ರಾತ್ರಿ ನೆತ್ತಿಯ ಮೇಲೆ ಟ್ಯೂಬ್‌ಲೈಟ್ ಉರಿದು ಅವರು ನಿದ್ದೆ ಮಾಡಿರಲಿಲ್ಲ ಎಂದು ಆಗ ತಿಳಿಯಿತು. ಆ ಹುಡುಗಿ ಕುರ್ಚಿ ಎಳೆದುಕೊಂಡು ಕುಳಿತು, ಅವರ ಪುಸ್ತಕದಲ್ಲೇ ಕೆಳಗೆ ಬರೆದಳು: "ಹತ್ತು ಗಂಟೆಗೆ ಆರಿಸುತ್ತೇವೆ, ಮೇಷ್ಟ್ರೇ. ನಾವು ಟಾರ್ಚ್ ಹಿಡಿದು ಬರುತ್ತೇವೆ." ಮೇಷ್ಟ್ರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೂ ಬರೆದೇ ಉತ್ತರ ಕೊಟ್ಟ ಆ ಹುಡುಗಿಯನ್ನು ನೋಡಿ ರವಿ ಅಲ್ಲಿಯೇ ತೀರ್ಮಾನ ಮಾಡಿದರಂತೆ.

ತೀರ್ಮಾನವಾದ ಮೇಲೆ ಉಳಿದದ್ದು ಎರಡು ವ್ಯವಹಾರದ ಮಾತು. ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪ್ರಮಾಣಪತ್ರಕ್ಕೆ ಸಹಿ ಹಾಕುವ ವೈದ್ಯರು ಯಾರು ಎಂದು ಮೊದಲೇ ಕೇಳಿಟ್ಟುಕೊಳ್ಳಿ ಎಂದೆ. ಮನೆಯ ಸಾವಿಗೆ ಅದು ನಮೂನೆ 4ಎ. ಮರಣ ನೋಂದಣಿ 21 ದಿನಗಳೊಳಗೆ ಆಗಬೇಕು. ಅಳುತ್ತಿರುವ ಮನೆಯಲ್ಲಿ ವೈದ್ಯರಿಗಾಗಿ ಬೀದಿ ಬೀದಿ ಅಲೆದವರ ಕಥೆ ನನಗೆ ಗೊತ್ತು. ಇನ್ನೊಂದು, ಐಸಿಯು ವಿಷಯ. ಉಸಿರು ಕಷ್ಟವಾದಾಗ ಗಾಬರಿಯಲ್ಲಿ ವೆಂಟಿಲೇಟರ್‌ವರೆಗೆ ಹೋಗುವುದು ಬೇಡ ಎಂದು ಮೇಷ್ಟ್ರು ತಾವೇ ಬರೆದರು. ಇಂತಹ ಮುಂಗಡ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಆ ತೀರ್ಪನ್ನು ಜಾರಿಗೊಳಿಸುವ ಆದೇಶವನ್ನು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. ಹಾಸ್ಪೈಸ್‌ನವರು ಆ ಕಾಗದದ ಪ್ರತಿಯನ್ನು ಕೇಳಿ ಪಡೆದು ಕಡತದಲ್ಲಿಟ್ಟುಕೊಂಡರು.

ಮೇಷ್ಟ್ರು ಏಳು ವಾರ ಮನೆಯಲ್ಲಿದ್ದರು. ತಂಡ ವಾರಕ್ಕೆ ಎರಡು ಸಲ ಬರುತ್ತಿತ್ತು. ಮೂರನೆಯ ವಾರದಿಂದ ಮೊಮ್ಮಗಳು ಅವರ ಮಂಚದ ಮೇಲೆ ಕುಳಿತು ಹೋಂವರ್ಕ್ ಮಾಡತೊಡಗಿದಳು, ವಾಸನೆ ಹೋಗಿತ್ತು. ಕೊನೆಯ ಒಂಬತ್ತು ದಿನ ಹಾಸ್ಪೈಸ್‌ನಲ್ಲಿ. ಟವಲುಗಳ ಅಗತ್ಯ ಬೀಳಲಿಲ್ಲ. ಬೆಳಗಿನ ಜಾವ, ಮಗಳು ಪಕ್ಕದಲ್ಲಿದ್ದಾಗ ಹೋದರು.

ಹದಿಮೂರನೆಯ ದಿನದ ಕಾರ್ಯ ಮುಗಿದು ಎರಡು ವಾರವಾದ ಮೇಲೆ ಸುಮಿತ್ರಾ ಅವರಿಗೆ ಆ ಹಿರಿಯ ನರ್ಸ್ ಫೋನ್ ಮಾಡಿದ್ದರು. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಅತ್ತೆಯವರು ಈಗ ಏನು ಹೇಳುತ್ತಾರೆ ಎಂದು ವಿಚಾರಿಸಿದರಂತೆ. ಅತ್ತೆಯ ಮಾತನ್ನೂ ನೆನಪಿಟ್ಟುಕೊಂಡಿದ್ದರು. ನಾನು ಬರೆದುಕೊಟ್ಟ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಈಗ ಜಾಗ ನೋಡಲು ಹೊರಟವರಿಗೆಲ್ಲ ಇದನ್ನೂ ಬರೆದುಕೊಡುತ್ತೇನೆ: "ಅವರು ಹೋದ ಮೇಲೆ ನಮ್ಮನ್ನು ಯಾರಾದರೂ ವಿಚಾರಿಸುತ್ತೀರಾ?"